ಸಿಗ್ನಲ್ ಕಡ್ಡಿ ಪೂರ್ತಿ, ಇಂಟರ್ನೆಟ್ ಮಾತ್ರ ಇಲ್ಲ

ಮೂರು ದಿನ. ಹೊಸ ಸಿಮ್‌ನಲ್ಲಿ ಡೇಟಾ ಬರಲು ಮೂರು ದಿನ ಒದ್ದಾಡಿದ್ದೇನೆ. ಕೊನೆಗೆ ತಪ್ಪಿದ್ದದ್ದು ಒಂದೇ ಒಂದು ಪದ. ಸಿಮ್ ಜೊತೆ ಬಂದ ಕಾಗದದಲ್ಲಿ ಆ ಪದ ಬರೆದಿದ್ದರೆ ಐದು ನಿಮಿಷದ ಕೆಲಸ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಫೋನ್ ಅಮ್ಮನದು. ಹಳೆಯ ಕಂಪನಿ ಬಿಡಿಸಿ ಹೊಸದಕ್ಕೆ ಹಾಕಿಸಿದ್ದು ನಾನೇ. ಸಿಮ್ ಹಾಕಿದ ಕೂಡಲೇ ಕಡ್ಡಿಗಳು ಪೂರ್ತಿ ಬಂದವು. ಕರೆ ಹೋಯಿತು, ಮೆಸೇಜ್ ಬಂತು. ಮೊಬೈಲ್ ಡೇಟಾ ಆನ್ ಇತ್ತು. ಆದರೆ ಕಡ್ಡಿಯ ಪಕ್ಕ 4ಜಿ ಅನ್ನುವ ಗುರುತೇ ಇಲ್ಲ. ಒಂದು ಪುಟವೂ ತೆರೆಯಲಿಲ್ಲ. ಏರೋಪ್ಲೇನ್ ಮೋಡ್ ಹಾಕಿ ತೆಗೆದೆ. ಸಿಮ್ ತೆಗೆದು ಒರೆಸಿ ಮತ್ತೆ ಹಾಕಿದೆ. ಊಹೂಂ.

ಸಿಮ್ ಲಕೋಟೆಯ ಮೇಲೆ ಏನಿತ್ತು ಗೊತ್ತಾ? "ತೊಂದರೆ ಇದ್ದರೆ ಈ ಕೋಡ್ ಸ್ಕ್ಯಾನ್ ಮಾಡಿ." ಸ್ಕ್ಯಾನ್ ಮಾಡಿದರೆ ವೆಬ್‌ಸೈಟಿಗೆ ಹೋಗುತ್ತದೆ. ಇಂಟರ್ನೆಟ್ ಬರದವರಿಗೆ ಇಂಟರ್ನೆಟ್ಟಿನಲ್ಲಿ ಸಹಾಯ! ನನ್ನ ಹತ್ತಿರ ಇನ್ನೊಂದು ಫೋನ್ ಇತ್ತು, ಸರಿ. ಮನೆಗೆಲ್ಲ ಒಂದೇ ಫೋನ್ ಇರುವವರು ಏನು ಮಾಡಬೇಕು?

ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಮತ್ತೆ ಒಂಬತ್ತು ಒತ್ತಿ ಅಂತ ಸುತ್ತಿಸಿದ ಮೇಲೆ ಒಬ್ಬರು ಸಿಕ್ಕಿದರು. ರೀಸ್ಟಾರ್ಟ್ ಮಾಡಿ ಅಂದರು. ಮಾಡಿದ್ದೇನೆ ಅಂದೆ. ಇನ್ನೊಮ್ಮೆ ಮಾಡಿ ಅಂದರು. ಅಷ್ಟರಲ್ಲಿ ಕರೆ ಕಟ್. ಆ ಫೋನಿನಿಂದಲೇ ಮಾತಾಡುತ್ತಿದ್ದೆ, ಆಫ್ ಮಾಡಿದರೆ ಕರೆ ಹೇಗೆ ಉಳಿಯುತ್ತದೆ? ಮರುದಿನ ಸಿಕ್ಕಿದವರು 24 ಗಂಟೆ ಕಾಯಿರಿ ಅಂದರು. ಕಾದೆವು. ಮೂರನೆಯವರು ನಿಮ್ಮ ಫೋನೇ ಸರಿ ಇಲ್ಲ, ಬದಲಾಯಿಸಿ ಅಂದುಬಿಟ್ಟರು. ಹಿಂದಿನ ವಾರದವರೆಗೆ ದಿನಾ ರಾತ್ರಿ ಅದೇ ಫೋನಿನಲ್ಲಿ ಅಮ್ಮ ಮೊಮ್ಮಗಳ ಮುಖ ನೋಡಿಕೊಂಡು ಮಾತಾಡುತ್ತಿದ್ದರು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಎರಡನೇ ರಾತ್ರಿ. ಅಮ್ಮ ಮೆಲ್ಲಗೆ ಹೇಳಿದರು, "ನಾನೇ ಏನೋ ಒತ್ತಿಬಿಟ್ಟೆ ಅಂತ ಕಾಣುತ್ತೆ. ಬಿಡು, ನಿನಗೆ ಸುಮ್ನೆ ತೊಂದರೆ." ಅವರು ಏನೂ ಒತ್ತಿರಲಿಲ್ಲ. ಕಂಪನಿ ಮಾಡಿದ ತಪ್ಪಿಗೆ ನನ್ನ ಅಮ್ಮ ಯಾಕೆ ತಲೆ ತಗ್ಗಿಸಬೇಕು?

ತಪ್ಪು ಇದ್ದದ್ದು ಎಪಿಎನ್‌ನಲ್ಲಿ. ಆಕ್ಸೆಸ್ ಪಾಯಿಂಟ್ ನೇಮ್ ಅನ್ನುತ್ತಾರೆ. ಡೇಟಾ ಯಾವ ಬಾಗಿಲಿನಿಂದ ಇಂಟರ್ನೆಟ್‌ಗೆ ಹೋಗಬೇಕು ಅಂತ ನೆಟ್‌ವರ್ಕ್‌ಗೆ ಹೇಳುವ ಹೆಸರು ಅದು. ಮಾಮೂಲಿ ಕರೆಗೆ ಈ ಹೆಸರು ಬೇಕಿಲ್ಲ, ಅದಕ್ಕೇ ಕರೆ ಸಲೀಸಾಗಿ ಹೋಗುತ್ತಿತ್ತು. ಸಿಮ್ ಒಳಗಿನ ಗುರುತಿನ ಸಂಖ್ಯೆಯಲ್ಲಿ ಮೊದಲ 3 ಅಂಕಿ ದೇಶದ್ದು, ಆಮೇಲಿನ 2 ಅಥವಾ 3 ಅಂಕಿ ನೆಟ್‌ವರ್ಕ್‌ನದು. ಅದನ್ನು ನೋಡಿ ಫೋನ್ ತನ್ನ ಪಟ್ಟಿಯಿಂದ ಎಪಿಎನ್ ಆರಿಸಿಕೊಳ್ಳುತ್ತದೆ. ಆದರೆ ದೊಡ್ಡ ಕಂಪನಿಯ ಟವರ್ ಬಳಸುವ ಸಣ್ಣ ಕಂಪನಿಗಳ ಸಿಮ್‌ನಲ್ಲಿ ಎಷ್ಟೋ ಸಲ ದೊಡ್ಡ ಕಂಪನಿಯ ಅಂಕಿಯೇ ಇರುತ್ತದೆ. ಫೋನ್ ದೊಡ್ಡವರ ಹೆಸರು ಹಾಕಿಕೊಂಡು ಕೂರುತ್ತದೆ. ಅಮ್ಮನ ಫೋನಿನಲ್ಲಿ ಆಗಿದ್ದು ಇದೇ. ಇದು ಕಂಪನಿಗೆ ಗೊತ್ತಿಲ್ಲದ ವಿಷಯವಾ? ಅವರ ಸಿಮ್ ಹಾಕುವ ಎಷ್ಟು ಜನರಿಗೆ ಹೀಗೇ ಆಗುತ್ತಿರಬೇಕು!

ಅದನ್ನು ಸರಿ ಮಾಡುವ ಪುಟವೋ, ದೇವರೇ. ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್, ಅದರೊಳಗೆ ಸಿಮ್, ಅದರ ತಳದಲ್ಲೆಲ್ಲೋ ಎಪಿಎನ್. ಪ್ರಾಕ್ಸಿ, ಪೋರ್ಟ್, ಸರ್ವರ್, ಎಂಎಂಎಸ್‌ಸಿ ಅಂತ ಉದ್ದಕ್ಕೂ ಖಾನೆಗಳು. ನಾನು ತುಂಬಬೇಕಾಗಿದ್ದದ್ದು ಎರಡೇ ಎರಡು, ಉಳಿದವನ್ನು ಮುಟ್ಟುವಂತೆಯೂ ಇರಲಿಲ್ಲ. ಹಾಗಂತ ಅಲ್ಲಿ ಯಾರೂ ಹೇಳುವುದಿಲ್ಲ. ಮೊದಲ ಸಲ ತುಂಬಿ ಹಿಂದೆ ಬಂದರೆ ಎಲ್ಲ ಮಾಯ. ಸೇವ್ ಅನ್ನುವುದು ಮೂಲೆಯ ಮೂರು ಚುಕ್ಕಿಯ ಒಳಗೆ ಅಡಗಿತ್ತು. ಎರಡನೇ ಸಲ ಸೇವ್ ಆಯಿತು, ಆದರೂ ಡೇಟಾ ಇಲ್ಲ. ಹೊಸ ಹೆಸರಿನ ಪಕ್ಕದ ಗುಂಡಿ ಒತ್ತಿ ಅದನ್ನು ಆರಿಸಬೇಕಿತ್ತಂತೆ!

ಹಿಂದೆ ಸಿಮ್ ಹಾಕಿದರೆ ಸೆಟ್ಟಿಂಗ್ಸ್ ಮೆಸೇಜ್ ಬರುತ್ತಿತ್ತು. ಇನ್‌ಸ್ಟಾಲ್ ಒತ್ತಿದರೆ ಆಯಿತು. 4ಜಿಯಲ್ಲಂತೂ ಫೋನ್ ಹೆಸರು ಹೇಳದೇ ಇದ್ದರೆ ನೆಟ್‌ವರ್ಕೇ ಸರಿಯಾದ ಎಪಿಎನ್ ಕೊಡುವ ವ್ಯವಸ್ಥೆ ಇದೆ. ದಾರಿ ಇಲ್ಲ ಅಂತಲ್ಲ, ಇವರಿಗೆ ಬೇಕಿಲ್ಲ. ಹೋಗಲಿ, ಕರೆ ಮಾಡಿದ ಮೊದಲ ದಿನವೇ "ಎಪಿಎನ್ ಏನಿದೆ ನೋಡಿ" ಅಂತ ಕೇಳಬಹುದಿತ್ತಲ್ವಾ? ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಗುಂಡಿ ಒತ್ತಿದ ಕೆಲವೇ ಕ್ಷಣದಲ್ಲಿ 4ಜಿ ಗುರುತು ಬಂತು. ಅಮ್ಮ ಆಗಲೇ ಮೊಮ್ಮಗಳಿಗೆ ಕರೆ ಮಾಡಿದರು. ನಾನು ಆ ಪದವನ್ನು ಚೀಟಿಯಲ್ಲಿ ಬರೆದು ಫೋನ್ ಕವರ್ ಒಳಗೆ ಇಟ್ಟಿದ್ದೇನೆ. ಅದು ಲಕೋಟೆಯಲ್ಲೇ ಬರಬೇಕಾಗಿದ್ದ ಚೀಟಿ.