ಸೆನ್ಸರ್ ಸ್ಪಂದಿಸಿದ ಮಾತ್ರಕ್ಕೆ ಪ್ರೇಕ್ಷಕ ಪಾಲುದಾರನಾಗುವುದಿಲ್ಲ

ನೃತ್ಯ ಮತ್ತು ಆಚರಣೆಗಳನ್ನು ಬೆಸೆಯುವ ಅಂತರ್‌ಸಾಂಸ್ಕೃತಿಕ ಪ್ರಯೋಗಗಳಲ್ಲಿ, ಪ್ರೇಕ್ಷಕರ ಚಲನೆಯನ್ನು ಸೆನ್ಸರ್ ಗುರುತಿಸಿ ಪರದೆಯ ಬೆಳಕನ್ನು ಬದಲಿಸಿದೊಡನೆ ಅವರೂ ಆ ಆಚರಣೆಯ ಪಾಲುದಾರರಾಗುತ್ತಾರೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಆಡಿರುವ ಮಾತನ್ನು ನಾನು ಒಪ್ಪಲಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ದೀಪಾವಳಿಯ ರಾತ್ರಿ, ಜ್ಯೋತಿ ಹಿಡಿದು ಮನೆಮನೆಗೆ ಹೋಗುವ ಜನಪದ ಹಾಡುಗಾರರಾದ ಅಂಟಿಗೆ ಪಂಟಿಗೆಯವರು ಹಾಡುತ್ತಾ ಮನೆಬಾಗಿಲಿಗೆ ಬಂದಾಗ, ಮನೆಯವರು ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಆ ಜ್ಯೋತಿ ಮುಂದಿನ ಮನೆಯವರೆಗೆ ಆರದೆ ಉಳಿಯುವುದರಲ್ಲಿ ಅವರ ಎಣ್ಣೆಯ ಪಾಲೂ ಇರುತ್ತದೆ. ಪಾಲ್ಗೊಳ್ಳುವುದೆಂದರೆ ಹೀಗೆ ಹೊಣೆ ಹೊರುವುದು. ಕೈಯಾಡಿಸಿದಾಗ ಬಣ್ಣ ಬದಲಾಗುವ ಪರದೆ ಯಾರಿಂದಲೂ ಏನನ್ನೂ ಬೇಡುವುದಿಲ್ಲ. ಪ್ರೇಕ್ಷಕ ಎದ್ದುಹೋದರೂ ಅದಕ್ಕೆ ಕೊರತೆಯಿಲ್ಲ.

ಹಾಗೆಂದು ತಂತ್ರಜ್ಞಾನವೇ ಬೇಡವೆನ್ನುವವನು ನಾನಲ್ಲ. 1949ರಲ್ಲಿ ಆರಂಭವಾದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಹಳ್ಳಿಯ ನಡುವೆಯೇ ಜಗತ್ತಿನ ನಾಟಕ, ಸಿನಿಮಾಗಳನ್ನು ತೋರಿಸಿದೆ. ಹೊರಗಿನದು ನಮ್ಮ ಮಣ್ಣಿನಲ್ಲಿ ಬೇರೂರಬಲ್ಲದೆಂಬುದನ್ನು ಕಂಡು ಬೆಳೆದವರು ನಾವು. ಆದರೆ ಡೊಳ್ಳಿನವರ ಹೆಜ್ಜೆಯನ್ನು ಪರದೆಯ ದೃಶ್ಯವಾಗಿಸುವ ಮೊದಲು, ಬೀರೇಶ್ವರನ ಪೂಜೆಯೊಂದಿಗೆ ಆ ಕುಣಿತಕ್ಕಿರುವ ನಂಟನ್ನು ಬಲ್ಲ ಕುಣಿತದವರನ್ನೇ ವಿನ್ಯಾಸದ ಹಂತದಲ್ಲಿ ಜೊತೆಗೆ ಕೂರಿಸಿಕೊಂಡು, ಯಾವುದನ್ನು ರಂಗಕ್ಕೆ ತರಬಹುದು, ಯಾವುದು ಗುಡಿಯಂಗಳದಲ್ಲೇ ಉಳಿಯಬೇಕು ಎಂದು ಕೇಳಬೇಕು. ಲೇಖನದಲ್ಲಿ ಆ ಪ್ರಶ್ನೆಯೇ ಬಂದಿಲ್ಲ.