ನೀಲಿ ದೀಪ ಕಂಡ ಕೂಡಲೇ ‘ಬೋರ್ಡ್ ಹೋಯ್ತು’ ಅನ್ನುವವರಿಗೆ ಕನ್ಸೋಲ್ ಕೊಡಬೇಡಿ

ಇವತ್ತು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ರಿಪೇರಿ ಕೌಂಟರಿನಲ್ಲಿ ಕಂಡದ್ದನ್ನು ಬರೆಯದೆ ಇರಲಿಕ್ಕೆ ಆಗುತ್ತಿಲ್ಲ. ಅಪ್ಪ, ಮಗ ಇಬ್ಬರು ಹಳೇ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4, ಟಿವಿಗೆ ಜೋಡಿಸಿ ಆಟ ಆಡುವ ಕನ್ಸೋಲ್) ತಂದಿದ್ದರು. ಕೌಂಟರಿನವ ಪ್ಲಗ್ ಹಾಕಿದ, ಬಟನ್ ಒತ್ತಿದ. ನೀಲಿ ದೀಪ ಸ್ವಲ್ಪ ಹೊತ್ತು ಮಿಡಿದು ಆರಿತು. “ಬೋರ್ಡ್ ಗಯಾ, ರೀಬಾಲಿಂಗ್ ಕರ್ನಾ ಪಡೇಗಾ.” ಅಂದರೆ ಮದರ್‌ಬೋರ್ಡ್ ಹೋಯ್ತು, ಅದರ ಮುಖ್ಯ ಚಿಪ್ಪನ್ನು ಕಿತ್ತು ಹೊಸದಾಗಿ ಬೆಸೆಯಬೇಕು ಅಂತ. ಮುಗಿಯಿತು ತಪಾಸಣೆ. ಸ್ಕ್ರೂಡ್ರೈವರ್ ಮುಟ್ಟಲಿಲ್ಲ, ಹಿಂದಿನ ಎಚ್‌ಡಿಎಂಐ ಪೋರ್ಟಿಗೆ (ಟಿವಿಗೆ ಚಿತ್ರ ಕಳಿಸುವ ಕೇಬಲ್ ಸಿಕ್ಕಿಸುವ ಜಾಗ) ಟಾರ್ಚ್ ಹಿಡಿಯಲಿಲ್ಲ. ಹುಡುಗನ ಮುಖ ನೋಡಿ ಹೊಟ್ಟೆ ಉರಿಯಿತು.

ಮಾರಾಯ್ರೇ, ಪಿಎಸ್4 ಆನ್ ಆಗುವಾಗ ದಿನಾ ನೀಲಿ ಮಿಡಿದೇ ಬಿಳಿಗೆ ತಿರುಗುವುದು. ಕೇಸರಿ ಬಣ್ಣ ಅಂದರೆ ರೆಸ್ಟ್ ಮೋಡ್, ಯಂತ್ರದ ಅರೆನಿದ್ದೆ, ಅದಕ್ಕೆ ಹೆದರಬೇಕಾಗಿಲ್ಲ. ನೀಲಿಯಲ್ಲೇ ನಿಂತು ಆರಿದರೆ ಯಂತ್ರ ಶುರುವಾಗುವ ಹಾದಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ. ಎಲ್ಲಿ ಅಂತ ದೀಪ ಹೇಳುವುದಿಲ್ಲ. ಹಾರ್ಡ್ ಡಿಸ್ಕ್ ಇರಬಹುದು, ಎಚ್‌ಡಿಎಂಐ ಇರಬಹುದು, ಪವರ್ ಸಪ್ಲೈ ಇರಬಹುದು. ಮುಖ್ಯ ಚಿಪ್ಪಿನ ಬೆಸುಗೆ ಬಿಟ್ಟಿರುವುದೂ ಉಂಟು, ಆದರೆ ಅದನ್ನು ಕೊನೆಗೆ ನೋಡಬೇಕು, ಮೊದಲಿಗಲ್ಲ.

ಮೊದಲು ವಯರ್ ಎಲ್ಲ ಕಿತ್ತು ಕಾಲು ಗಂಟೆ ಬಿಡಿ. ಆಮೇಲೆ ಎಚ್‌ಡಿಎಂಐ ಹಾಕದೆ ಬರೀ ಕರೆಂಟು ಕೊಟ್ಟು ಆನ್ ಮಾಡಿ. ಈಗ ಬಿಳಿ ಬಂದರೆ ಅನುಮಾನ ಕೇಬಲ್, ಟಿವಿ, ಪೋರ್ಟಿನ ಮೇಲೆ. ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಿ: 19 ಪಿನ್‌ಗಳು ಎರಡು ಸಾಲಾಗಿ ನೇರ ಇರಬೇಕು. ಒಂದು ಬಾಗಿ ಪಕ್ಕದ್ದಕ್ಕೆ ತಾಗಿದರೂ ಸಾಕು, ಚಿತ್ರ ಬರುವುದಿಲ್ಲ. ಕೇಬಲ್ ಓರೆಯಾಗಿ ತುರುಕಿದರೆ ಆಗುವುದೇ ಇದು. ಪೋರ್ಟ್ ಬದಲಿಸುವ ಕೆಲಸಕ್ಕೂ ರೀಬಾಲಿಂಗಿಗೂ ಸಂಬಂಧವೇ ಇಲ್ಲ.

ಮುಂದಿನದು ಹಾರ್ಡ್ ಡಿಸ್ಕ್. ಮೊದಲ ಮಾಡೆಲ್ ಆದರೆ ಮೇಲಿನ ಹೊಳಪಿನ ಮುಚ್ಚಳ ಪಕ್ಕಕ್ಕೆ ಜಾರಿಸಿದರೆ ಕೈಗೆ ಬರುತ್ತದೆ. ಕೆಳಗೆ ಗುರುತುಗಳಿರುವ ಒಂದೇ ದೊಡ್ಡ ಸ್ಕ್ರೂ, ಅದನ್ನು ಬಿಚ್ಚಿ ಡಿಸ್ಕ್ ಎಳೆದು ತೆಗೆಯಿರಿ. ಡಿಸ್ಕ್ ಇಲ್ಲದೆ ಆನ್ ಮಾಡಿದಾಗ ದೀಪ ಬಿಳಿಯಾಗಿ, ಕಂಟ್ರೋಲರನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಅಂತ ತೆರೆ ಕೇಳಿದರೆ, ಬೋರ್ಡ್ ಜೀವಂತ ಇದೆ, ಕೆಟ್ಟದ್ದು ಡಿಸ್ಕ್. 2.5 ಇಂಚಿನ, 9.5 ಮಿ.ಮೀ. ಮೀರದ ದಪ್ಪದ ಯಾವ ಸಾಟಾ ಡಿಸ್ಕ್ ಆದರೂ ಕೂರುತ್ತದೆ. ಹೊಸ ಡಿಸ್ಕಿಗೆ ಸಿಸ್ಟಮ್ ಸಾಫ್ಟ್‌ವೇರ್ ಹಾಕಬೇಕು; ಅದಕ್ಕೆ ಸೋನಿಯ ಮಾಮೂಲಿ ಅಪ್‌ಡೇಟ್ ಫೈಲ್ ಸಾಲದು, ರೀಇನ್‌ಸ್ಟಾಲ್ ಅಂತಲೇ ಬೇರೆ ಇರುವ ಸುಮಾರು 1 ಜಿಬಿಯ ಫೈಲ್ ಬೇಕು. ಪೆನ್‌ಡ್ರೈವನ್ನು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಮಾಡಿ, ‘ಪಿಎಸ್4’ ಫೋಲ್ಡರ್, ಅದರೊಳಗೆ ‘ಅಪ್‌ಡೇಟ್’ ಫೋಲ್ಡರ್, ಅದರಲ್ಲಿ ಫೈಲ್. ಹೆಸರುಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಇರಲಿ. ಪವರ್ ಬಟನನ್ನು ಎರಡನೇ ಬೀಪ್ ಬರುವ ತನಕ, ಸುಮಾರು 7 ಸೆಕೆಂಡ್, ಒತ್ತಿ ಹಿಡಿದರೆ ಸೇಫ್ ಮೋಡ್, ಅಂದರೆ ರಿಪೇರಿಯ ಆಯ್ಕೆಗಳ ಪಟ್ಟಿ, ತೆರೆಯುತ್ತದೆ. ಅಲ್ಲಿ 7ನೇ ಆಯ್ಕೆ, ಸಾಫ್ಟ್‌ವೇರನ್ನು ಮತ್ತೆ ಹಾಕುವುದು, ಒತ್ತಿ. ಹಳೇ ಡಿಸ್ಕ್ ಬರೀ ತಡವರಿಸುತ್ತಿದ್ದರೆ ಮೊದಲು 5ನೆಯದು, ರೀಬಿಲ್ಡ್ ಡೇಟಾಬೇಸ್, ಮಾಡಿ. ಅದರಲ್ಲಿ ಸೇವ್‌ಗಳು (ಆಟ ಎಲ್ಲಿಯ ತನಕ ಆಡಿದ್ದೀರಿ ಅನ್ನುವ ದಾಖಲೆ) ಅಳಿಯುವುದಿಲ್ಲ. 6 ಮತ್ತು 7ರಲ್ಲಿ ಎಲ್ಲವೂ ಅಳಿಯುತ್ತದೆ.

ಕೆಂಪು ದೀಪ ಅಂದರೆ ಬಿಸಿ. ನಮ್ಮ ಮುಂಬಯಿ ಮನೆಗಳಲ್ಲಿ ಕನ್ಸೋಲ್ ಇರುವುದೇ ಶೋಕೇಸಿನ ಗಾಜಿನ ಬಾಗಿಲ ಹಿಂದೆ. ಗಾಳಿ ಎಲ್ಲಿಂದ ಬರಬೇಕು? ಮಳೆಗಾಲದ ತೇವಕ್ಕೆ ಧೂಳು ಅಂಟಾಗಿ ಹೀಟ್‌ಸಿಂಕಿನ (ಚಿಪ್ಪಿನ ಬಿಸಿ ಹೀರುವ ಲೋಹದ ತುಂಡು) ಸಂದುಗಳಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ, ಬರೀ ಬ್ಲೋವರ್ ಹಿಡಿದರೆ ಹೋಗುವುದಿಲ್ಲ. ನಡುವೆ ತೂತಿರುವ ಟಿ8 ಅಥವಾ ಟಿ9 ಟಾರ್ಕ್ಸ್ (ನಕ್ಷತ್ರದಾಕಾರದ) ಬಿಟ್‌ನಿಂದ ಬಿಚ್ಚಿ, ಬ್ರಶ್ಶಿನಿಂದ ತೆಗೆಯಬೇಕು. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಬಿಚ್ಚಿದಾಗ ಜಿರಳೆ ಇದೆಯಾ ನೋಡಿ. ಪವರ್ ಸಪ್ಲೈಯ ಬೆಚ್ಚನೆ ಜಾಗ ಅವಕ್ಕೆ ಬಹಳ ಇಷ್ಟ, ಶಾರ್ಟ್ ಆಗುವುದೂ ಅಲ್ಲೇ. ಆದರೆ ಸಪ್ಲೈಯ ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಕರೆಂಟು ನಿಂತಿರುತ್ತದೆ. ಇಡೀ ಸಪ್ಲೈಯನ್ನೇ ಬದಲಿಸಿ.

ಹಾಗಾದರೆ ರೀಬಾಲಿಂಗ್ ಸುಳ್ಳಾ? ಅಲ್ಲ. ಚಿಪ್ಪನ್ನು ಎತ್ತಿ, ಹಳೇ ಬೆಸುಗೆ ತೆಗೆದು, ಹೊಸ ಗುಂಡುಗಳನ್ನು ಕೂರಿಸಿ, ಯಂತ್ರದಲ್ಲಿ ತಾಪ ಹಿಡಿತದಲ್ಲಿಟ್ಟು ಕೂಡಿಸುವುದು ನಿಜವಾದ ವಿದ್ಯೆ. ಆದರೆ ಆ ಹೆಸರಿನಲ್ಲಿ ಎಷ್ಟೋ ಕಡೆ ನಡೆಯುವುದು ಬಿಸಿಗಾಳಿ ಊದುವ ಹೀಟ್ ಗನ್ ಹಿಡಿಯುವ ಕೆಲಸ. ಸೀಸವಿಲ್ಲದ ಬೆಸುಗೆ ಕರಗಲಿಕ್ಕೆ ಸುಮಾರು 217 ಡಿಗ್ರಿ ಬೇಕು. ಅಂದಾಜಿನ ಬಿಸಿಗೆ ಬಿರುಕು ತಾತ್ಕಾಲಿಕವಾಗಿ ಕೂಡುತ್ತದೆ, ನಾಲ್ಕು ದಿನ ಆಡಿದ ಮೇಲೆ ಮತ್ತೆ ಬಿಡುತ್ತದೆ, ಜೊತೆಗೆ ಬೋರ್ಡೂ ಡೊಂಕಾಗಿರುತ್ತದೆ. ಮೈಕ್ರೋಸಾಫ್ಟಿನ ಹಳೇ ಕನ್ಸೋಲ್ ಎಕ್ಸ್‌ಬಾಕ್ಸ್ 360ರ ಕಾಲದಿಂದ ಇದೇ ಕಥೆ. ಮೂರು ಕೆಂಪು ದೀಪದ ಆ ಪಿಡುಗಿಗೆ ಮೈಕ್ರೋಸಾಫ್ಟ್ 2007ರಲ್ಲಿ ವಾರಂಟಿಯನ್ನು 3 ವರ್ಷ ಮಾಡಿ, 100 ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. ಅದರಲ್ಲೂ ನಾಲ್ಕು ಕೆಂಪು ಅಂದರೆ ಟಿವಿಗೆ ಹೋಗುವ ಎವಿ ಕೇಬಲ್ ಸರಿಯಾಗಿ ಕೂತಿಲ್ಲ ಅಂತಷ್ಟೇ. ಎರಡು ಅಂದರೆ ಬಿಸಿ. ದೀಪ ಎಣಿಸಲಿಕ್ಕೂ ಪುರುಸೊತ್ತಿಲ್ಲದವನ ಕೈಗೆ ಹೀಟ್ ಗನ್ ಯಾಕೆ ಕೊಡಬೇಕು?

‘ಇಷ್ಟೆಲ್ಲ ಒದ್ದಾಟ ಯಾಕೆ, ಹೊಸದು ತಗೊಳ್ಳಿ’ ಅನ್ನುವವರಿದ್ದಾರೆ. ಪಿಎಸ್5 ಇಲ್ಲಿ 2021ರಲ್ಲಿ ಬಂದಾಗಲೇ 49,990 ರೂಪಾಯಿ. ಡೊಂಬಿವಲಿಯಿಂದ ದಿನಾ ಲೋಕಲ್ ರೈಲು ಹಿಡಿಯುವ ಸಂಸಾರಕ್ಕೆ ಅದು ಸುಮ್ಮನೆ ಹೇಳುವ ಮಾತಲ್ಲ. ಹಣಕ್ಕಿಂತ ದೊಡ್ಡದು ಇನ್ನೊಂದಿದೆ: ಪಿಎಸ್4ರ ಹಾರ್ಡ್ ಡಿಸ್ಕ್ ಆ ಕನ್ಸೋಲಿಗೇ ಕಟ್ಟಿಹಾಕಿದ್ದು, ಬೇರೆ ಪಿಎಸ್4ಗೆ ಹಾಕಿದರೆ ಓದುವುದಿಲ್ಲ. ಬೋರ್ಡ್ ಎಸೆದರೆ, ಆನ್‌ಲೈನಿಗೆ ಏರಿಸದ ಸೇವ್‌ಗಳೆಲ್ಲ ಹೋದ ಹಾಗೆ. ಆಟದ ಡಿಸ್ಕ್ ಓದುವ ಬ್ಲೂ-ರೇ ಡ್ರೈವಿನ ಪುಟ್ಟ ಬೋರ್ಡ್ ಕೂಡ ಅದೇ ಮದರ್‌ಬೋರ್ಡಿನ ಜೋಡಿ; ಅಂಗಡಿಯಲ್ಲಿ ಅದಲುಬದಲಾದರೆ ಡಿಸ್ಕ್ ಆಟಗಳು ನಡೆಯುವುದಿಲ್ಲ.

ಆದ್ದರಿಂದ ಅಂಗಡಿಗೆ ಕೊಡಲೇಬೇಕಾದರೆ ಹಾರ್ಡ್ ಡಿಸ್ಕ್ ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ, ಪರೀಕ್ಷೆಗೆ ಅವರು ತಮ್ಮದನ್ನು ಹಾಕಲಿ. ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ, ಡ್ರೈವಿನ ಬೋರ್ಡ್ ಬದಲಿಸಬಾರದು ಅಂತ ರಸೀದಿಯಲ್ಲೇ ಬರೆಸಿ. ಪೋರ್ಟ್, ಡಿಸ್ಕ್, ಸಪ್ಲೈ ಮೂರನ್ನೂ ನೋಡಿದ್ದೀರಾ ಅಂತ ಕೇಳಿ. ಉತ್ತರ ಸಿಗದಿದ್ದರೆ ಕನ್ಸೋಲ್ ಚೀಲಕ್ಕೆ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಗ್ರಾಂಟ್ ರೋಡ್ ಸ್ಟೇಷನ್ನಿನ ಆಸುಪಾಸಿನಲ್ಲಿ ಅಂಗಡಿಗಳಿಗೆ ಬರವಿಲ್ಲ.