ಓಲಾಡುವ ಕಪಾಟಿಗೆ ಲಗ್ನಪತ್ರಿಕೆ ಮದ್ದಲ್ಲ

ಆಚಾರ್ರು ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟ ಕಪಾಟನ್ನು ನಾಲ್ಕು ಜನ ಹೊತ್ತು ಜಗಲಿಯಿಂದ ನಡುಮನೆಗೆ ಸಾಗಿಸಿದರೂ ಅದು ಮೊದಲಿನ ಹಾಗೇ ನಿಲ್ಲುತ್ತದೆ. ಕೆಡುವುದೇನಿದ್ದರೂ ಹೊತ್ತವರ ಸೊಂಟ. ರಟ್ಟಿನ ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದು, ಅಲೆನ್ ಕೀ ಎನ್ನುವ ಆರು ಮೂಲೆಯ ಬಾಗಿದ ಕಡ್ಡಿ ತಿರುಗಿಸಿ ನಾವೇ ಎಬ್ಬಿಸಿ ನಿಲ್ಲಿಸಿದ ಕಪಾಟಿನದು ಬೇರೆ ಜಾತಕ. ಅದನ್ನು ಈ ಗೋಡೆಯಿಂದ ಎದುರಿನ ಗೋಡೆಗೆ ಸರಿಸಿದರೆ ಸಾಕು, ಮಾರನೇ ದಿನದಿಂದ ಪುಸ್ತಕ ತೆಗೆಯಲು ಕೈ ಹಾಕಿದಾಗೆಲ್ಲ ತಲೆದೂಗಲು ಶುರುಮಾಡುತ್ತದೆ. ಶಿವಮೊಗ್ಗದಲ್ಲಿ ಬಾಡಿಗೆ ಮನೆ ಬದಲಿಸುವವರಿಗೂ ಇದೇ ಪಾಡು. ಬೆಂಗಳೂರಿನ ಮಗ ಆರ್ಡರ್ ಮಾಡಿ ಕಳಿಸಿದ್ದನ್ನು ತೀರ್ಥಹಳ್ಳಿಯ ಹಳೇ ಮನೆಯಲ್ಲಿ ನಿಲ್ಲಿಸಿಕೊಂಡ ಅಪ್ಪ ಅಮ್ಮನಿಗೂ ಇದೇ ಪಾಡು.

ಆಗ ಮನೆಮಂದಿ ಹುಡುಕುವ ಮೊದಲ ಸಲಕರಣೆ ಹೋದ ವರ್ಷದ ಲಗ್ನಪತ್ರಿಕೆ. ಅದು ದಪ್ಪ ಇರುತ್ತದೆ, ಮದುವೆ ಮುಗಿದಿರುತ್ತದೆ, ಎಸೆಯಲು ಮನಸ್ಸು ಬಂದಿರುವುದಿಲ್ಲ. ನಾಲ್ಕು ಮಡಿಕೆ ಮಾಡಿ ಕಾಲಡಿಗೆ ತೂರಿಸಿದರೆ ಕಪಾಟು ಸುಮ್ಮನಾಗುತ್ತದೆ, ಒಂದು ವಾರದ ಮಟ್ಟಿಗೆ. ಭಾರಕ್ಕೆ ಕಾಗದ ಅಪ್ಪಚ್ಚಿಯಾಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಮುದ್ದೆಯಾಗುತ್ತದೆ, ಆಮೇಲೆ ಗೆದ್ದಲಿಗೆ ಊಟವಾಗುತ್ತದೆ. ಗೆದ್ದಲನ್ನು ಕಪಾಟಿನ ಬುಡಕ್ಕೆ ಹೀಗೆ ಪತ್ರಿಕೆ ಕೊಟ್ಟು ಕರೆಯುವುದು ಮಲೆನಾಡಿನಲ್ಲಿ ತೀರಾ ಅನವಶ್ಯಕ ಸೌಜನ್ಯ. ಅದು ಕರೆಯದೇ ಬರುತ್ತದೆ.

ಕಪಾಟಿಗೆ ಬರುವ ಕಾಯಿಲೆ ಎರಡು, ಎರಡಕ್ಕೂ ಒಂದೇ ಮದ್ದು ಕೊಡುವುದೇ ಯಡವಟ್ಟು. ಮೇಲಿನ ಮೂಲೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ದೂಡಿ ನೋಡಿ. ಬುಡ ಅಲ್ಲಾಡದೆ ನೆತ್ತಿ ಮಾತ್ರ ಆಚೀಚೆ ಹೋದರೆ ಮೈ ಸಡಿಲವಾಗಿದೆ. ನಾಲ್ಕು ಮೂಲೆಯಲ್ಲಿ ಒಂದು ಮೇಲೆದ್ದು ಟಕ್ ಎಂದು ಕೂತರೆ ನೆಲ ಏರುಪೇರಾಗಿದೆ. ಮೈ ಸಡಿಲವಾದ ಕಪಾಟಿನ ಕಾಲಡಿಗೆ ಏನು ತುರುಕಿದರೂ ಪ್ರಯೋಜನವಿಲ್ಲ. "ಎಂತ ಮಾರಾಯ್ರೇ, ಇನ್ನೊಂದು ರಟ್ಟು ಕೊಟ್ರೆ ಆಯ್ತಪ್ಪ" ಎನ್ನುವ ಪಕ್ಕದ ಮನೆಯವರಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ. ಮುಂದೆ ಕಪಾಟು ಮಲಗಿಸುವಾಗ ಎರಡನೇ ಆಳು ಬೇಕಾಗುತ್ತದೆ.

ಮೈ ಯಾಕೆ ಸಡಿಲವಾಗುತ್ತದೆ? ಹಲಗೆ ಎಂದು ನಾವು ಕರೆಯುವುದು ಮರದ ಚೂರನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡ್, ಸಾಮಾನ್ಯವಾಗಿ 16 ಅಥವಾ 18 ಮಿ.ಮೀ. ದಪ್ಪದ್ದು. ಅದರ ಮೂಲೆಗಳನ್ನು ಹಿಡಿದಿರುವುದು 8 ಮಿ.ಮೀ. ದಪ್ಪದ ಮರದ ಗೂಟ ಮತ್ತು ಎದುರು ಹಲಗೆಯ ಬೋಲ್ಟಿನ ತಲೆಯನ್ನು ಕಚ್ಚಿ ಹಿಡಿಯುವ ಕ್ಯಾಮ್ ಲಾಕ್ ಎನ್ನುವ ಗುಂಡು ಬಿಲ್ಲೆ. ಗೂಟ ಹಲಗೆಯನ್ನು ಜಾಗಕ್ಕೆ ಸರಿಯಾಗಿ ಕೂರಿಸುತ್ತದೆ, ಬಿಲ್ಲೆ ಬೇರೆಯಾಗದಂತೆ ಎಳೆದು ಹಿಡಿಯುತ್ತದೆ, ಓರೆಯಾಗದಂತೆ ತಡೆಯುವ ತಾಕತ್ತು ಎರಡಕ್ಕೂ ಇಲ್ಲ. ಆ ಕೆಲಸ ಹಿಂದೆ ಮೊಳೆ ಹೊಡೆದ 3 ಮಿ.ಮೀ. ದಪ್ಪದ, ನೋಡಿದರೆ ಗೌರವವೇ ಹುಟ್ಟದ ತೆಳು ಹಲಗೆಯದು. ಬೆಂಕಿಪೊಟ್ಟಣದ ಒಳಗಿನ ತಟ್ಟೆ ತೆಗೆದರೆ ಹೊರಗಿನ ಕವಚ ಬೆರಳಲ್ಲಿ ಒತ್ತಿದ ಕೂಡಲೇ ಓರೆಯಾಗಿ ಮಡಚಿಕೊಳ್ಳುತ್ತದಲ್ಲ, ಹಿಂಬದಿ ಬಿಟ್ಟುಕೊಂಡ ಕಪಾಟಿನ ಗತಿಯೂ ಅಷ್ಟೇ. ತುಂಬಿದ ಕಪಾಟನ್ನು ನೆಲದ ಮೇಲೆ ಉಜ್ಜುತ್ತಾ ಎಳೆದಾಗ ಬುಡ ಹಿಂದೆ ಉಳಿದು ನೆತ್ತಿ ಮುಂದೆ ಹೋಗುತ್ತದೆ, ಆ ಎಳೆತಕ್ಕೆ ಹಿಂಬದಿಯ ಮೊಳೆಗಳು ಒಂದೊಂದಾಗಿ ತೂತು ದೊಡ್ಡದು ಮಾಡಿಕೊಂಡು ಸಡಿಲವಾಗುತ್ತವೆ. ಖಾಲಿ ಮಾಡಿ, ಇಬ್ಬರು ಎರಡು ಕಡೆ ನಿಂತು, ಬುಡದ ಹಲಗೆಗೆ ಕೈಕೊಟ್ಟು ಎತ್ತಿ ಸಾಗಿಸಿದರೆ ಈ ಲೇಖನದ ಅರ್ಧ ಓದುವ ಅಗತ್ಯವೇ ಬೀಳುವುದಿಲ್ಲ. ಆದರೆ ಪುಸ್ತಕ ಇಳಿಸುವುದಕ್ಕೆ ಯಾರಿಗೆ ಪುರುಸೊತ್ತು!

ಇರಲಿ. ಕಪಾಟು ಪೂರ್ತಿ ಖಾಲಿ ಮಾಡಿ, ಕಂಬಳಿ ಹಾಸಿ, ಬೆನ್ನು ಮೇಲೆ ಬರುವಂತೆ ಬೋರಲು ಮಲಗಿಸಿ. ಟೇಪು ಹಿಡಿದು ಮೂಲೆಯಿಂದ ಎದುರು ಮೂಲೆಗೆ ಎರಡೂ ಓರೆ ಅಳತೆ ತೆಗೆಯಿರಿ. 180 ಸೆಂ.ಮೀ. ಎತ್ತರ, 80 ಸೆಂ.ಮೀ. ಅಗಲದ ಕಪಾಟಿಗೆ ಎರಡೂ ಕಡೆ ಸುಮಾರು 197 ಸೆಂ.ಮೀ. ಬರಬೇಕು. ಲೆಕ್ಕಕ್ಕಿಂತ ಮುಖ್ಯವಾದದ್ದು ಎರಡೂ ಸಮ ಇರುವುದು. ಒಂದು 196.5, ಇನ್ನೊಂದು 197.5 ಬಂದರೆ ಮೂಲೆಮಟ್ಟ ತಪ್ಪಿದೆ ಎಂದರ್ಥ. ಹೆಚ್ಚು ಬಂದ ಅಳತೆಯ ಎರಡು ತುದಿಗಳನ್ನು ಒಳಕ್ಕೆ ಒತ್ತಬೇಕು, ಒಬ್ಬರು ಒಂದು ತುದಿ ಕಾಲಲ್ಲಿ ಅಡ್ಡಕೊಟ್ಟು, ಇನ್ನೊಬ್ಬರು ಇನ್ನೊಂದು ತುದಿ ದೂಡಿ. ವ್ಯತ್ಯಾಸ 2 ಮಿ.ಮೀ. ಒಳಗೆ ಬಂದರೆ ಸಾಕು, ಇದು ದೇವಸ್ಥಾನದ ಗರ್ಭಗುಡಿ ಅಲ್ಲ. ಕದಲಲೇ ಇಲ್ಲವೆಂದರೆ ಹಿಂಬದಿಯ ಮೊಳೆ ಇನ್ನೂ ಹಿಡಿದಿದೆ, ಒಂದು ಬದಿಯವನ್ನು ಕಿತ್ತು ಮತ್ತೆ ಒತ್ತಿ.

ಮಟ್ಟ ಸರಿಯಾದ ಮೇಲೆ, ಆ ಸ್ಥಿತಿಯಲ್ಲೇ, ಕ್ಯಾಮ್ ಬಿಗಿಮಾಡಬೇಕು. ಅದು ಅರ್ಧ ಸುತ್ತಿನಲ್ಲಿ ಹಿಡಿಯುವ ವಸ್ತು. ಹಿಡಿತ ಸಿಕ್ಕಿದ ಮೇಲೂ "ಇನ್ನೊಂಚೂರು ಇರಲಿ" ಎಂದು ತಿರುಗಿಸಿದರೆ ಮೆದು ಲೋಹದ ಬಿಲ್ಲೆ ಮುರಿಯುತ್ತದೆ, ಇಲ್ಲವೇ ಎದುರಿನ ಬೋಲ್ಟು ಹಲಗೆಯ ಪುಡಿ ಸಮೇತ ಕಿತ್ತು ಬರುತ್ತದೆ. ಎಷ್ಟು ತಿರುಗಿಸಿದರೂ ಗರಗರ ಸುತ್ತುತ್ತಲೇ ಇದ್ದರೆ ಬೋಲ್ಟಿನ ತಲೆ ಬಿಲ್ಲೆಗೆ ಸಿಕ್ಕಿಲ್ಲ, ಹಲಗೆ ಬಿಡಿಸಿ ಮತ್ತೆ ಕೂರಿಸಿ. ಬೋಲ್ಟಿನ ತೂತೇ ದೊಡ್ಡದಾಗಿದ್ದರೆ ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಗಳನ್ನು ಮರದ ಗೋಂದಿನಲ್ಲಿ ಅದ್ದಿ ತೂತಿಗೆ ತುಂಬಿ, ಹೊರಗುಳಿದದ್ದನ್ನು ಕತ್ತರಿಸಿ, ಒಣಗಿದ ಮೇಲೆ ಬೋಲ್ಟು ಹಾಕಿ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು. ಜುಲೈಯಲ್ಲಾದರೆ ಎರಡು ದಿನ ಕಾಯಿರಿ, ಆಗ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ. ಮರದ ಗೂಟಗಳಿಗೆ ಮಾತ್ರ ಗೋಂದು ಹಾಕಬೇಡಿ. ಹಾಕಿದರೆ ಕಪಾಟು ಕಲ್ಲಾಗುತ್ತದೆ ನಿಜ, ಮುಂದಿನ ಮನೆಗೆ ಹೋಗುವಾಗ ಬಿಚ್ಚಲು ಮಾತ್ರ ಬರುವುದಿಲ್ಲ.

ಈಗ ಬೆನ್ನು. ಹಳೇ ತೂತಿಗೇ ಹಳೇ ಮೊಳೆ ಹೊಡೆಯುವುದು ಬರೀ ಶಬ್ದ ಮಾಡಿದಂತೆ. ಎರಡು ಹಳೇ ತೂತುಗಳ ನಡುವೆ, 10 ಸೆಂ.ಮೀ.ಗೆ ಒಂದರಂತೆ, ಮುಕ್ಕಾಲು ಇಂಚಿನ ಹೊಸ ಮೊಳೆ ಹೊಡೆಯಿರಿ. ಹಲಗೆಯ ದಪ್ಪ 16 ಮಿ.ಮೀ. ಇದ್ದರೆ ಅಂಚಿನಿಂದ 8 ಮಿ.ಮೀ. ಒಳಗೆ ಪೆನ್ಸಿಲಲ್ಲಿ ಗೆರೆ ಎಳೆದುಕೊಳ್ಳಿ. ಗೆರೆ ಎಳೆಯದ ಧೈರ್ಯಶಾಲಿಗಳ ಮೊಳೆ ಕಪಾಟಿನ ಒಳಗೆ ತುದಿ ತೋರಿಸುತ್ತದೆ, ಮುಂದೆ ರೇಷ್ಮೆ ಸೀರೆಗೆ ಸಿಕ್ಕಿ ಮನೆಯಲ್ಲಿ ಮಾತು ಬೆಳೆಯುತ್ತದೆ. ಮಧ್ಯದ ಗಟ್ಟಿ ಹಲಗೆಗೂ ನಾಲ್ಕು ಮೊಳೆ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಹೇಗೂ ಮಲಗಿಸಿದ್ದೀರಿ, ಬುಡದ ಅಂಚನ್ನೂ ಒಮ್ಮೆ ನೋಡಿ. ಅಲ್ಲಿ ಪಟ್ಟಿ ಅಂಟಿಸದೆ ಬರಿ ಅಂಚು ಬಿಟ್ಟಿರುವುದೇ ಹೆಚ್ಚು. ನೆಲ ಒರೆಸುವ ನೀರು ಅಲ್ಲಿಂದ ಒಳಗೆ ಹೋಗಿ ಹಲಗೆ ಉಬ್ಬಿದರೆ ಒಣಗಿದ ಮೇಲೂ ಇಳಿಯುವುದಿಲ್ಲ, ಆ ಕಾಲು ಶಾಶ್ವತವಾಗಿ ಉದ್ದವಾದಂತೆ. ಎರಡು ಕೈ ವಾರ್ನಿಷ್ ಬಳಿದು ಒಣಗಿಸಿಯೇ ಎತ್ತಿ ನಿಲ್ಲಿಸಿ.

ಇಷ್ಟಾದ ಮೇಲೆ ನೆಲದ ಸರದಿ. ಹಳೇ ಮನೆಯ ಕೆಂಪು ಗಾರೆ ನೆಲಕ್ಕೆ ಇಳಿಜಾರು ಇದೆ ಎಂದು ಮೇಸ್ತ್ರಿಯನ್ನು ಬೈಯುವ ಹಾಗಿಲ್ಲ. ತೊಳೆದ ನೀರು ಬಚ್ಚಲ ಕಡೆಗೋ ಅಂಗಳದ ಕಡೆಗೋ ಹರಿದುಹೋಗಲಿ ಎಂದು ಅವನು ಬೇಕೆಂದೇ ಕೊಟ್ಟ ಓಟ ಅದು. ಕಪಾಟು ಬರುತ್ತದೆಂದು ಅವನಿಗೇನು ಗೊತ್ತು. ರಸಮಟ್ಟವನ್ನು (ಗುಳ್ಳೆ ಇರುವ ಸ್ಪಿರಿಟ್ ಲೆವೆಲ್) ಬುಡದ ಹಲಗೆಯ ಮೇಲೆ ಅಡ್ಡಕ್ಕೆ ಒಮ್ಮೆ, ಹಿಂದೆ ಮುಂದೆ ಒಮ್ಮೆ ಇಟ್ಟು ನೋಡಿ. ಮೊದಲು ರಸಮಟ್ಟವನ್ನೇ ಪರೀಕ್ಷೆ ಮಾಡಿ: ಅದೇ ಜಾಗದಲ್ಲಿ ತುದಿ ತಿರುಗಿಸಿ ಇಟ್ಟಾಗ ಗುಳ್ಳೆ ಕಪಾಟಿನ ಅದೇ ಬದಿಯ ಕಡೆಗೆ ನಿಂತರೆ ಅದನ್ನು ನಂಬಬಹುದು. ಮೊಬೈಲಿನ ಆ್ಯಪ್ ನೋಡುವವರು ನೆನಪಿಡಬೇಕಾದ್ದು, ಫೋನಿನ ಬೆನ್ನಲ್ಲಿ ಕ್ಯಾಮೆರಾ ಉಬ್ಬಿಕೊಂಡಿರುತ್ತದೆ. ಅಂಗಾತ ಇಟ್ಟರೆ ಕಪಾಟಿಗಿಂತ ಫೋನೇ ಹೆಚ್ಚು ವಾಲಿರುತ್ತದೆ.

ಎಷ್ಟು ಎತ್ತಬೇಕು ಎನ್ನುವುದಕ್ಕೆ ಅಂದಾಜು ಬೇಡ. 40 ಸೆಂ.ಮೀ. ಉದ್ದದ ರಸಮಟ್ಟದ ತಗ್ಗಿನ ತುದಿಗೆ ಸನ್‌ಮೈಕ ಚೂರುಗಳನ್ನು ಒಂದೊಂದಾಗಿ ಕೊಡುತ್ತಾ ಗುಳ್ಳೆಯನ್ನು ಮಧ್ಯಕ್ಕೆ ತನ್ನಿ. 2 ಮಿ.ಮೀ. ಹಿಡಿಸಿತು ಎನ್ನಿ, ಕಪಾಟು 80 ಸೆಂ.ಮೀ. ಅಗಲವಿದ್ದರೆ ಅದರ ಎರಡರಷ್ಟು, ಅಂದರೆ ತಗ್ಗಿನ ಬದಿಗೆ 4 ಮಿ.ಮೀ. ಬೇಕು. ಸನ್‌ಮೈಕ ಚೂರು ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಇರುತ್ತದೆ, ಕೊಳೆಯುವುದಿಲ್ಲ, ಕುಗ್ಗುವುದಿಲ್ಲ, ಬಡಗಿಯ ಅಂಗಡಿಯ ಮೂಲೆಯಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತದೆ. ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯ ಕಾಲಡಿಯ ವಸ್ತು ಇಲ್ಲವೆಂದೇ ನನ್ನ ವಾದ. ಎತ್ತರದ ಮೂಲೆಯನ್ನು ಮುಟ್ಟಬೇಡಿ, ಉಳಿದ ಮೂರನ್ನು ಅದರ ಮಟ್ಟಕ್ಕೆ ಏರಿಸಿ. ಚೂರು ಕೊಡಬೇಕಾದ್ದು ನಿಂತ ಹಲಗೆಯ ಅಡಿಗೆ, ಭಾರವೆಲ್ಲ ಇಳಿಯುವುದು ಅಲ್ಲಿಂದ. ಬೆರಳಗಲದ ಚೂರಿನ ಬದಲು 8-10 ಸೆಂ.ಮೀ. ಉದ್ದದ್ದು ಕೊಟ್ಟರೆ ಅಂಚು ಪುಡಿಯಾಗುವುದಿಲ್ಲ. ತಿರುಗಿಸುವ ಕಾಲು ಇದ್ದ ಕಪಾಟಾದರೆ ಕೆಲಸ ಇನ್ನೂ ಸುಲಭ: ಎಂ8 ಮರೆಯ, ಅಂದರೆ 8 ಮಿ.ಮೀ. ದಪ್ಪದ ಸ್ಕ್ರೂ ಸುತ್ತಿನ ಕಾಲು ಒಂದು ಸುತ್ತಿಗೆ 1.25 ಮಿ.ಮೀ. ಏರುತ್ತದೆ. ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ ಈ ಯಾವ ಲೆಕ್ಕವೂ ನಿಲ್ಲದು, ಕಾಲು ದಿನಕ್ಕಿಷ್ಟು ಒಳಗೆ ಇಳಿಯುತ್ತದೆ. ಮೊದಲು ಎರಡು ತುಂಡು ಕಡಪ ಕಲ್ಲು ಹಾಸಿ, ಆಮೇಲೆ ಅದರ ಮೇಲೆ ರಸಮಟ್ಟ.

ಹಿಂದೆ ಮುಂದೆ ಮಟ್ಟ ನೋಡುವಾಗ ಎದುರು ಭಾಗ ಒಂದೆರಡು ಮಿ.ಮೀ. ಎತ್ತರ ಇದ್ದರೆ ಬಿಟ್ಟುಬಿಡಿ. ಕಪಾಟು ಗೋಡೆಯ ಕಡೆ ಒರಗಿದರೆ ಒಳ್ಳೆಯದೇ, ನಮ್ಮ ಕಡೆ ಬಗ್ಗಿ ಮಾತಾಡಿಸಲು ಬರಬಾರದು.

ಗೋಡೆಗೆ ಕಟ್ಟುವುದು ಕೊನೆಯ ಕೆಲಸ, ಮಕ್ಕಳಿರುವ ಮನೆಯಲ್ಲಿ ಬಿಡಲೇಬಾರದ ಕೆಲಸ. ಎಲ್ ಆಕಾರದ ಪಟ್ಟಿಯ ಒಂದು ತುದಿಯನ್ನು ಮೇಲಿನ ದಪ್ಪ ಹಲಗೆಗೆ 15 ಮಿ.ಮೀ. ಸ್ಕ್ರೂ ಹಾಕಿ ಹಿಡಿಸಿ. ಹಿಂಬದಿಯ ತೆಳು ಹಲಗೆಗೆ ಹಾಕಿದರೆ ಅದು ಅಲಂಕಾರ ಅಷ್ಟೇ. ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿ. ಗೋಡೆಯ ಬುಡಕ್ಕೆ ಅಂಟಿಸಿದ ಸ್ಕರ್ಟಿಂಗ್ ಹೇಗೂ ಬುಡದಲ್ಲಿ ಒಂದಿಷ್ಟು ಮುಂದೆ ದೂಡಿರುತ್ತದೆ, ಮೇಲೆ ಪಟ್ಟಿಯ ಜಾಗದಲ್ಲಿ ಮರದ ತುಂಡು ಕೊಟ್ಟು ಒಟ್ಟು 2-3 ಸೆಂ.ಮೀ. ಸಂದು ಬಿಡಿ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಗಾಳಿಯಾಡದ ಕಪಾಟಿನ ಬೆನ್ನಿಗೆ ಬೂಷ್ಟು ಹಿಡಿಯಲು ಪೂರ್ತಿ ಮಳೆಗಾಲ ಬೇಕಿಲ್ಲ.

ಜಂಬಿಟ್ಟಿಗೆ ಗೋಡೆಗೆ ಡ್ರಿಲ್ ಹಾಕುವಾಗ ಹ್ಯಾಮರ್ ಬಂದ್ ಮಾಡಿಕೊಳ್ಳಿ. ಕಲ್ಲು ಮೆದು, ಕುಟ್ಟಿದರೆ 8 ಮಿ.ಮೀ. ತೂತು ನೋಡನೋಡುತ್ತಾ ಹಳ್ಳವಾಗುತ್ತದೆ. ಗಾರೆಯೇ ಒಂದಿಂಚು ದಪ್ಪ ಇರುವುದರಿಂದ ಡಬ್ಬದ ಜೊತೆ ಬಂದ ಗಿಡ್ಡ ಸ್ಕ್ರೂ ಕಲ್ಲಿನ ಮುಖವನ್ನೇ ನೋಡುವುದಿಲ್ಲ. 8 ಮಿ.ಮೀ. ಪ್ಲಗ್ಗು (ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ), ಮರದ ತುಂಡು ಗಾರೆ ಎರಡನ್ನೂ ದಾಟಿ ಕಲ್ಲಿನೊಳಗೆ ಚೆನ್ನಾಗಿ ಇಳಿಯುವಷ್ಟು ಉದ್ದದ ಸ್ಕ್ರೂ ತನ್ನಿ, ತೂತಿನ ಪುಡಿ ಊದಿ ತೆಗೆದು ಹಾಕಿ. ಮಣ್ಣಿನ ಗೋಡೆಯಲ್ಲಿ ಯಾವ ಪ್ಲಗ್ಗೂ ನಿಲ್ಲುವುದಿಲ್ಲ, ಅಲ್ಲಿ ಕಂಬಕ್ಕೋ ತೊಲೆಗೋ ಅಡ್ಡ ಪಟ್ಟಿ ಹೊಡೆದು ಅದಕ್ಕೆ ಕಟ್ಟಬೇಕು. ಗೆದ್ದಲು ಹಿಡಿಯದ ಕಂಬ ನೋಡಿಕೊಳ್ಳಿ.

ತುಂಬುವಾಗ ಭಾರದ್ದೆಲ್ಲ ಕೆಳಗೆ. ಅಪ್ಪೆಮಿಡಿಯ ಭರಣಿ, ಜೋನಿ ಬೆಲ್ಲದ ಡಬ್ಬ, ಹಳೇ ದೀಪಾವಳಿ ವಿಶೇಷಾಂಕಗಳು ಬುಡದ ಹಲಗೆಗೆ. ಮಗಳು ಕೇರಂನಲ್ಲಿ ಗೆದ್ದ ಕಪ್ಪು ನೆತ್ತಿಗೆ. 80 ಸೆಂ.ಮೀ. ಅಡ್ಡ ಹಲಗೆಗೆ ದಪ್ಪ ಪುಸ್ತಕ ಒತ್ತಾಗಿ ಜೋಡಿಸಿದರೆ 20 ಕಿಲೋ ಸುಲಭವಾಗಿ ದಾಟುತ್ತದೆ, ನಡು ಬಗ್ಗುತ್ತದೆ. ಬಗ್ಗಿದ ಹಲಗೆ ಬಿಡಿಸುವಂಥದ್ದಾದರೆ ಅಡಿಮೇಲು ಮಾಡಿ ಹಾಕಿ, ಮುಂದಿನ ವರ್ಷ ಇನ್ನೊಂದು ಕಡೆ ಬಗ್ಗಲಿ.

ಎಲ್ಲ ಮುಗಿದ ಮೇಲೆ ಎರಡು ಸ್ಕ್ರೂ, ಒಂದು ಗೂಟ ಉಳಿದಿರುತ್ತವೆ. ಗಾಬರಿ ಬೇಡ, ಕೆಲವು ಡಬ್ಬಗಳಲ್ಲಿ ಹೆಚ್ಚುವರಿ ಕೊಟ್ಟಿರುತ್ತಾರೆ. ಉಳಿದದ್ದು ಕ್ಯಾಮ್ ಬೋಲ್ಟಾಗಿದ್ದರೆ ಮಾತ್ರ ಗಾಬರಿಯಾಗಿ, ಎಲ್ಲೋ ಒಂದು ಮೂಲೆ ಬರೀ ನಂಬಿಕೆಯ ಮೇಲೆ ನಿಂತಿದೆ. ಉಳಿಕೆ ಸಾಮಾನನ್ನು ಅಲೆನ್ ಕೀ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಪಾಟಿನ ಬೆನ್ನಿಗೇ ಟೇಪು ಹಚ್ಚಿ ಅಂಟಿಸಿ. ಡ್ರಾಯರಿನಲ್ಲಿಟ್ಟರೆ ಮುಂದಿನ ಸಲ ಮನೆ ಬದಲಿಸುವಾಗ ಮೊದಲು ಹೊಸ ಮನೆಗೆ ಹೋಗುವುದು ಆ ಡ್ರಾಯರೇ.